ಹಾಳೆಯೊಳಗಿನ ಕಲ್ಲಿಗೂ ನಾರಿಗೂ ನಂಟು ಬೆಸೆಯುವುದು ಹೇಗೆ?

ನೋಟ್‌ಪುಸ್ತಕದ ಒಂದು ಬಿಳಿ ಹಾಳೆಯನ್ನು ಹರಿದು, ಗಾಳಿ ಬೀಸದ ಕಡೆ ಸ್ಟೀಲ್ ತಟ್ಟೆಯ ಮೇಲಿಟ್ಟು ಸುಟ್ಟು ನೋಡಿ. ಹತ್ತಿಯ ಬತ್ತಿ ಪೂರ್ತಿ ಉರಿದರೆ ಏನೂ ಉಳಿಯಲಿಲ್ಲ ಎನ್ನುವಷ್ಟು ಕಡಿಮೆ ಬೂದಿ. ಹಾಳೆ ಹಾಗಲ್ಲ. ಕಪ್ಪಗೆ ಮುರುಟಿ, ಅಂಚಿನ ಕೆಂಡ ಆರಿದ ಮೇಲೂ ಬೂದುಬಿಳಿ ಬಣ್ಣದ ತೆಳು ಪದರವೊಂದು ತಟ್ಟೆಯಲ್ಲಿ ಉಳಿದಿರುತ್ತದೆ. ಉಸಿರು ತಾಕಿದರೆ ಪುಡಿಯಾಗುವಷ್ಟು ನಾಜೂಕು, ಆದರೂ ಹಾಳೆಯ ಆಕಾರ ಅದರಲ್ಲಿ ಇನ್ನೂ ಇರುತ್ತದೆ. ಆ ಬೂದಿಯ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಿ. ಸಣ್ಣಗೆ ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲಿನ ವಂಶ. ಏಳದಿದ್ದರೆ ಬಳಪದ ಕಲ್ಲೋ ಜೇಡಿಮಣ್ಣೋ ಇರಬೇಕು.

ಕಾಗದ ಮರದಿಂದ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಅದರಲ್ಲಿ ಕಲ್ಲಿನ ಪಾಲೂ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಬರೆಯುವ ಮತ್ತು ಮುದ್ರಿಸುವ ಕಾಗದದ ತೂಕದಲ್ಲಿ ಸಾಮಾನ್ಯವಾಗಿ ಶೇ 15ರಿಂದ 25ರಷ್ಟು, ಕೆಲವೊಮ್ಮೆ ಶೇ 30ರವರೆಗೂ ಖನಿಜದ ಪುಡಿ ಇರುತ್ತದೆ. ಕಾರ್ಖಾನೆಯವರು ಇದನ್ನು ಫಿಲ್ಲರ್ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ಬಗೆಯೂ ನಮ್ಮ ತಟ್ಟೆಯ ಪ್ರಯೋಗದಂತೆಯೇ. ಕುಲುಮೆಯಲ್ಲಿ 525 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಗದವನ್ನು ಸುಟ್ಟು ಬೂದಿಯನ್ನು ತೂಗುತ್ತಾರೆ. ಅದನ್ನೇ 900 ಡಿಗ್ರಿಗೆ ಏರಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು, ತನ್ನೊಳಗಿನ ಕಾರ್ಬನ್ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ, ತೂಕದಲ್ಲಿ ಶೇ 44ರಷ್ಟನ್ನು ಕಳೆದುಕೊಳ್ಳುತ್ತದೆ. ಎರಡು ತೂಕಗಳ ವ್ಯತ್ಯಾಸದಿಂದ ಸುಣ್ಣದ ಕಲ್ಲೆಷ್ಟು, ಬೇರೆ ಖನಿಜವೆಷ್ಟು ಎಂಬ ಅಂದಾಜು ಸಿಗುತ್ತದೆ.

ಇದನ್ನು ಕಲಬೆರಕೆ ಎಂದುಕೊಳ್ಳಬಾರದು. ಪುಡಿ ಮರದ ನಾರಿನ ತಿರುಳಿಗಿಂತ ಅಗ್ಗ ಎಂಬುದು ನಿಜ, ಆದರೆ ಅದಕ್ಕೂ ದೊಡ್ಡ ಕಾರಣ ಬೆಳಕು. ಬಣ್ಣವಿಲ್ಲದ ಗಾಜನ್ನು ಕುಟ್ಟಿ ಪುಡಿ ಮಾಡಿದರೆ ಬೆಳ್ಳಗೆ ಕಾಣುತ್ತದೆಯಲ್ಲ, ಅದೇ ಸಂಗತಿ ಇಲ್ಲಿಯೂ ನಡೆಯುತ್ತದೆ. ಗಾಳಿಯಿಂದ ಕಣಕ್ಕೆ, ಕಣದಿಂದ ಗಾಳಿಗೆ ದಾಟುವಾಗಲೆಲ್ಲ ಬೆಳಕು ದಿಕ್ಕು ಬದಲಿಸಿ ಚದುರುತ್ತದೆ. ಚದುರಿದಷ್ಟೂ ಹಾಳೆ ಬಿಳಿ, ಅಷ್ಟೇ ಅಪಾರದರ್ಶಕ. ಹಿಂದಿನ ಪುಟದ ಅಕ್ಷರ ಈ ಪುಟಕ್ಕೆ ಇಣುಕದಿರುವುದು ಬಹುಪಾಲು ಈ ಕಣಗಳಿಂದಲೇ. ನಾರುಗಳ ನಡುವಿನ ಹಳ್ಳಗಳು ತುಂಬಿ ಮೇಲ್ಮೈ ನುಣುಪಾಗುತ್ತದೆ, ಶಾಯಿ ಸಮವಾಗಿ ಕೂರುತ್ತದೆ. ನಾರು ತನ್ನ ಗೋಡೆಯೊಳಗೂ ನೀರು ಹೀರಿಕೊಂಡಿರುತ್ತದೆ, ಕಲ್ಲು ಹಾಗೆ ಹೀರುವುದಿಲ್ಲ. ಹಾಗಾಗಿ ಒಣಗಿಸುವ ಉಗಿಯ ಖರ್ಚೂ ಇಳಿಯುತ್ತದೆ.

ಇಷ್ಟೆಲ್ಲ ಲಾಭವಿದ್ದರೆ ಅರ್ಧಕ್ಕರ್ಧ ಕಲ್ಲನ್ನೇ ಏಕೆ ಹಾಕಬಾರದು? ಹಾಕಿದರೆ ಹಾಳೆ ಹರಿಯುತ್ತದೆ. ಏಕೆ ಎಂದು ತಿಳಿಯಲು ಮೊದಲು ಕಾಗದ ಗಟ್ಟಿಯಾಗಿರುವುದಾದರೂ ಹೇಗೆ ಎಂದು ನೋಡಬೇಕು.

ಕತ್ತರಿ ಸಿಗದಾಗ ನಾವೆಲ್ಲ ಮಾಡುವ ಒಂದು ಕೆಲಸವಿದೆ. ಹಾಳೆಯನ್ನು ಮಡಚಿ, ಮಡಿಕೆಯನ್ನು ಉಗುರಿನಿಂದ ತೀಡಿ, ಅದರ ಉದ್ದಕ್ಕೂ ನಾಲಿಗೆಯ ತುದಿ ಆಡಿಸಿ ಎಳೆಯುತ್ತೇವೆ. ಒದ್ದೆಯಾದ ಗೆರೆಯಲ್ಲಿ ಹಾಳೆ ಸದ್ದಿಲ್ಲದೆ ಬಿಟ್ಟುಕೊಳ್ಳುತ್ತದೆ. ಹರಿದ ಅಂಚನ್ನು ಬೆಳಕಿಗೆ ಹಿಡಿದರೆ ಬೆಕ್ಕಿನ ಮೀಸೆಯಂಥ ಸಣ್ಣ ಸಣ್ಣ ಎಳೆಗಳು ಕಾಣುತ್ತವೆ. ಅವು ತುಂಡಾದ ನಾರುಗಳಲ್ಲ, ಜಾರಿ ಹೊರಬಂದ ಇಡೀ ನಾರುಗಳು. ನೀರು ನಾರನ್ನು ಕಡಿಯಲಿಲ್ಲ, ನಾರುಗಳ ನಡುವಿನ ಹಿಡಿತವನ್ನು ಸಡಿಲಿಸಿತು. ಕಾಗದದ ಬಲ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಆ ಹಿಡಿತದ ಹೆಸರು ಹೈಡ್ರೋಜನ್ ಬಂಧ. ಸೆಲ್ಯುಲೋಸ್ ಎಂದರೆ ಗ್ಲೂಕೋಸ್ ಅಣುಗಳ ಉದ್ದನೆಯ ಸರಪಳಿ. ಸರಪಳಿಯ ಪ್ರತಿ ಕೊಂಡಿಯಲ್ಲೂ ಆಮ್ಲಜನಕ ಮತ್ತು ಜಲಜನಕ ಜೊತೆಗೂಡಿದ ಹೈಡ್ರಾಕ್ಸಿಲ್ ಗುಂಪುಗಳು ಹೊರಚಾಚಿಕೊಂಡಿರುತ್ತವೆ. ಎರಡು ನಾರುಗಳು ತೀರ ಹತ್ತಿರ ಬಂದಾಗ ಈ ಗುಂಪುಗಳು ಒಂದನ್ನೊಂದು ಸೆಳೆದು ಹಿಡಿಯುತ್ತವೆ. ಹತ್ತಿರ ತರುವ ಕೆಲಸ ನೀರಿನದು. ಕಾಗದದ ಯಂತ್ರದ ಜಾಲರಿಯ ಮೇಲೆ ಬೀಳುವ ತಿರುಳು ಶೇ 99ರಷ್ಟು ನೀರೇ. ಅದು ಬಸಿದು, ಉರುಳೆಗಳ ನಡುವೆ ಹಿಂಡಿಸಿಕೊಂಡು, ಬಿಸಿ ಸಿಲಿಂಡರ್‌ಗಳ ಮೇಲೆ ಒಣಗುತ್ತಾ ಹೋದಂತೆ, ನಾರುಗಳ ಸಂದಿಯಲ್ಲಿ ಉಳಿದ ನೀರಿನ ಪೊರೆ ಅವುಗಳನ್ನು ಒಂದರ ಕಡೆಗೊಂದು ಎಳೆಯುತ್ತದೆ. ಮಿಂದ ತಲೆಯ ಕೂದಲು ಎಳೆ ಎಳೆ ಸೇರಿ ಜಡೆಯಂತೆ ಅಂಟಿಕೊಳ್ಳುವುದು ಇದೇ ಎಳೆತದಿಂದ. ಕೂದಲು ಒಣಗಿದರೆ ಬಿಡಿಬಿಡಿಯಾಗುತ್ತದೆ, ಸೆಲ್ಯುಲೋಸ್ ನಾರು ಮಾತ್ರ ಅಂಟಿದಂತೆಯೇ ಉಳಿಯುತ್ತದೆ. ಅಷ್ಟು ಹೊತ್ತಿಗೆ ನೀರಿನ ಜಾಗದಲ್ಲಿ ಹೈಡ್ರೋಜನ್ ಬಂಧಗಳು ಕೂತಿರುತ್ತವೆ.

ಈ ಬಂಧ ಕೆಲಸ ಮಾಡುವ ದೂರ ಬಹಳ ಸಣ್ಣದು, ಸುಮಾರು 0.3 ನ್ಯಾನೋಮೀಟರ್. ಫಿಲ್ಲರ್ ಕಣದ ಗಾತ್ರ ಸುಮಾರು 1ರಿಂದ 3 ಮೈಕ್ರಾನ್ (1 ಮೈಕ್ರಾನ್ ಎಂದರೆ 1,000 ನ್ಯಾನೋಮೀಟರ್). ನಾರಿನ ಅಗಲ 20-30 ಮೈಕ್ರಾನ್ ಇರುವುದರಿಂದ ನಾರಿನ ಪಕ್ಕದಲ್ಲಿ ಕಣ ಚಿಕ್ಕದಾಗಿ ಕಾಣುತ್ತದೆ. ಬಂಧದ ಕಣ್ಣಿಂದ ನೋಡಿದರೆ ಅದು ಬೆಟ್ಟ. ಎರಡು ನಾರುಗಳ ನಡುವೆ 1 ಮೈಕ್ರಾನಿನ ಕಣ ಸಿಕ್ಕಿಕೊಂಡರೆ, ಅಲ್ಲಿ ಬಿಡುವ ಅಂತರ ಹೈಡ್ರೋಜನ್ ಬಂಧ ತಲುಪಬಲ್ಲ ದೂರಕ್ಕಿಂತ 3,000 ಪಟ್ಟಿಗೂ ಹೆಚ್ಚು. ಹಿಂದೆ ಅಂಟು ಇಲ್ಲದಾಗ ಅನ್ನದ ಅಗುಳು ಹಿಸುಕಿ ಲಕೋಟೆ ಮುಚ್ಚುತ್ತಿದ್ದೆವು. ಅಗುಳಿನ ಜೊತೆ ಒಂದಿಷ್ಟು ಮರಳು ಸೇರಿದರೆ ಏನಾಗುತ್ತಿತ್ತೋ ಇಲ್ಲಿಯೂ ಅದೇ ಆಗುತ್ತದೆ.

ಲೆಕ್ಕ ಹಾಕಿದರೆ ಸಮಸ್ಯೆಯ ಅಗಾಧತೆ ಕಾಣುತ್ತದೆ. ಚದರ ಮೀಟರಿಗೆ 80 ಗ್ರಾಂ ತೂಗುವ ಸಾಮಾನ್ಯ ಎ4 ಹಾಳೆಯ ತೂಕ 5 ಗ್ರಾಂ. ಅದರಲ್ಲಿ ಶೇ 20 ಕ್ಯಾಲ್ಸಿಯಂ ಕಾರ್ಬೊನೇಟ್ ಇದ್ದರೆ 1 ಗ್ರಾಂ ಆಯಿತು. ಕಣಗಳೆಲ್ಲ 1 ಮೈಕ್ರಾನ್ ವ್ಯಾಸದ ಗುಂಡುಗಳು ಎಂದುಕೊಂಡರೆ ಆ ಒಂದು ಗ್ರಾಮಿನಲ್ಲಿ ಸುಮಾರು 70 ಸಾವಿರ ಕೋಟಿ ಕಣಗಳಿರುತ್ತವೆ. ಅವುಗಳ ಮೇಲ್ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 2.2 ಚದರ ಮೀಟರ್. ಅಂದರೆ ಒಂದು ಹಾಳೆಯ ಹೊಟ್ಟೆಯಲ್ಲಿ 35 ಹಾಳೆಗಳಷ್ಟು ಕಲ್ಲಿನ ಮೈ ಅಡಗಿದೆ. ಆ ಮೈಯೆಲ್ಲ ನಾರಿಗೆ ಅಪರಿಚಿತವಾಗಿಯೇ ಉಳಿದರೆ ಹಾಳೆ ಹೇಗೆ ತಾಳೀತು? ಮುದ್ರಣಾಲಯದಲ್ಲಿ ಜಿಗುಟು ಶಾಯಿ ಮೇಲ್ಮೈಯಿಂದ ಪುಡಿಯನ್ನೂ ಎಳೆಯನ್ನೂ ಕಿತ್ತುಕೊಳ್ಳುತ್ತದೆ, ಅಕ್ಷರದ ನಡುವೆ ಬಿಳಿ ಚುಕ್ಕೆ ಬೀಳುತ್ತದೆ, ಓಡುತ್ತಿರುವ ಸುರುಳಿ ತಟಕ್ಕನೆ ತುಂಡಾಗುತ್ತದೆ.

ಇಲ್ಲೊಂದು ವ್ಯತ್ಯಾಸವನ್ನು ಒತ್ತಿ ಹೇಳಬೇಕು. ಕಣ ಹಾಳೆಯಲ್ಲಿ ಉಳಿಯುವುದು ಬೇರೆ, ನಾರಿಗೆ ಬೆಸೆಯುವುದು ಬೇರೆ. ಜಾಲರಿಯ ತೂತಿಗಿಂತ ಕಣ ಎಷ್ಟೋ ಚಿಕ್ಕದು, ಹಾಗೆಯೇ ಬಿಟ್ಟರೆ ನೀರಿನೊಡನೆ ಹರಿದು ಹೋಗುತ್ತದೆ. ಅದನ್ನು ತಡೆಯಲು ಧನ ವಿದ್ಯುದಂಶವಿರುವ ಪಾಲಿಅಕ್ರಿಲಮೈಡ್‌ನಂಥ ಉದ್ದ ಸರಪಳಿಯ ರಾಸಾಯನಿಕಗಳನ್ನು ಬೆರೆಸುತ್ತಾರೆ. ನೀರಿನಲ್ಲಿ ನಾರಿನ ಮೈ ಋಣ ವಿದ್ಯುದಂಶ ಹೊತ್ತಿರುತ್ತದೆ, ಈ ಸರಪಳಿ ಕಣವನ್ನೂ ನಾರನ್ನೂ ಒಟ್ಟಿಗೆ ಸೆಳೆಯುತ್ತದೆ. ಕಣ ಉಳಿಯಿತು, ಆದರೆ ಒಣಗಿದ ಮೇಲೆ ಭಾರ ಹೊರುವಷ್ಟು ಬಂಧ ಬೆಳೆಯಲಿಲ್ಲ. ರೈಲಿನಲ್ಲಿ ಸೀಟು ಸಿಕ್ಕಿತು ಎಂದ ಮಾತ್ರಕ್ಕೆ ಪಕ್ಕದವರು ನೆಂಟರಾಗುವುದಿಲ್ಲ. ಕಾಗದದ ಬಗ್ಗೆ ಬರೆಯುವಾಗ ಈ ಎರಡನ್ನೂ ಒಂದೇ ಎಂದು ಹೇಳಿಬಿಡುವುದುಂಟು. ಗೊಂದಲ ಹುಟ್ಟುವುದೇ ಅಲ್ಲಿ.

ಬೆಸೆಯುವ ಉಪಾಯ ನಮ್ಮ ಮನೆಗಳಲ್ಲೇ ಇತ್ತು. ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿದಾಗ, ಬರಿಯ ಸುಣ್ಣವಾದರೆ ಒರಗಿದವರ ಬೆನ್ನೆಲ್ಲ ಬಿಳಿ. ಅದಕ್ಕೇ ಸುಣ್ಣದ ನೀರಿಗೆ ಗೋಂದನ್ನೋ ಅಕ್ಕಿಯ ಗಂಜಿಯನ್ನೋ ಬೆರೆಸುತ್ತಿದ್ದರು. ಗಂಜಿ ಕಣದಿಂದ ಕಣಕ್ಕೆ, ಕಣದಿಂದ ಗೋಡೆಗೆ ಸೇತುವೆಯಾಗುತ್ತದೆ. ಕಾಗದದ ಕಾರ್ಖಾನೆ ಮಾಡುವುದೂ ಇದನ್ನೇ, ಬಲು ಲೆಕ್ಕಾಚಾರದಿಂದ. ಪಿಷ್ಟವೂ ಸೆಲ್ಯುಲೋಸಿನಂತೆ ಗ್ಲೂಕೋಸ್ ಸರಪಳಿಯೇ, ಕೊಂಡಿ ಹಾಕಿದ ಬಗೆ ಮಾತ್ರ ಬೇರೆ. ಒಂದೇ ತಾಯಿಯ ಮಕ್ಕಳಾದ್ದರಿಂದ ಪಿಷ್ಟ ಮತ್ತು ನಾರು ಚೆನ್ನಾಗಿ ಕೂಡಿಕೊಳ್ಳುತ್ತವೆ. ಹತ್ತಿ ಸೀರೆಗೆ ಗಂಜಿ ಹಾಕಿದರೆ ಅದು ನಿಲ್ಲುವುದೂ ಇದಕ್ಕೇ. ಮೆಕ್ಕೆಜೋಳ ಅಥವಾ ಮರಗೆಣಸಿನ ಪಿಷ್ಟಕ್ಕೆ ಧನ ವಿದ್ಯುದಂಶದ ಗುಂಪುಗಳನ್ನು ಜೋಡಿಸಿ, ಟನ್ ಕಾಗದಕ್ಕೆ 5ರಿಂದ 15 ಕಿಲೋದಷ್ಟು ತಿರುಳಿಗೆ ಸೇರಿಸುತ್ತಾರೆ. ವಿದ್ಯುದಂಶದಿಂದ ಅದು ನಾರನ್ನು ಹುಡುಕಿ ಹಿಡಿಯುತ್ತದೆ, ಒಣಗಿದಾಗ ಹೈಡ್ರಾಕ್ಸಿಲ್ ಗುಂಪುಗಳಿಂದ ಬಂಧ ಕಟ್ಟುತ್ತದೆ.

ಇದಕ್ಕೂ ಮಿತಿಯಿದೆ. ನಾರಿನ ಮೈ ಹೀರಿಕೊಳ್ಳಬಲ್ಲಷ್ಟಕ್ಕಿಂತ ಹೆಚ್ಚು ಪಿಷ್ಟ ಹಾಕಿದರೆ ಅದು ನೀರಿನಲ್ಲೇ ಉಳಿದು ತ್ಯಾಜ್ಯವಾಗಿ ಹೋಗುತ್ತದೆ. ಮೇಲಾಗಿ ತಿರುಳಿಗೆ ಹಾಕಿದ ಪಿಷ್ಟದ ಬಹುಪಾಲು ನಾರಿನ ಪಾಲಾಗಿ, ಕಲ್ಲಿನ ಕಣ ಬತ್ತಲೆಯಾಗಿಯೇ ಉಳಿಯಬಹುದು. ಹಾಗಾದರೆ ಕಣಕ್ಕೇ ಮೊದಲು ಅಂಗಿ ತೊಡಿಸಿದರೆ? ಈ ಯೋಚನೆಯ ಮೇಲೆ ಕಳೆದ ಕೆಲವು ದಶಕಗಳಲ್ಲಿ ಬಹಳ ಕೆಲಸ ನಡೆದಿದೆ. ಬೇಯಿಸಿದ ಪಿಷ್ಟವನ್ನು ಕೊಬ್ಬಿನ ಆಮ್ಲದ ಜೊತೆ ಸೇರಿಸಿ ನೀರಿನಲ್ಲಿ ಕರಗದಂತೆ ಮಾಡಿ, ಅದು ಕಣಗಳ ಸುತ್ತಲೂ ಕೂರುವಂತೆ ನೋಡಿಕೊಳ್ಳುವುದು ಅದರಲ್ಲೊಂದು. ಅಮೆರಿಕದ ಅಟ್ಲಾಂಟಾದ ಜಾರ್ಜಿಯಾ ಟೆಕ್ ಸಂಶೋಧಕರು ಈ ದಾರಿಯಲ್ಲಿ ಕೆಲಸ ಮಾಡಿದ್ದಾರೆ. ಹೊರಗಿನಿಂದ ನೋಡುವ ನಾರಿಗೆ ಈಗ ಕಾಣುವುದು ಕಲ್ಲಲ್ಲ, ಪಿಷ್ಟ. ಸಮಾನ ಪ್ರಮಾಣದ ಬರಿಯ ಪುಡಿ ಹಾಕಿದ ಹಾಳೆಗಿಂತ ಅಂಗಿ ತೊಟ್ಟ ಪುಡಿಯ ಹಾಳೆ ಹೆಚ್ಚು ಎಳೆತ ತಾಳುತ್ತದೆ. ಪಿಷ್ಟದ ಬದಲು ಸೆಲ್ಯುಲೋಸಿನಿಂದಲೇ ಮಾಡಿದ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಸಿಗಡಿಯ ಚಿಪ್ಪಿನಿಂದ ಬರುವ ಕೈಟೋಸಾನ್ ಇವುಗಳನ್ನೂ ಬಳಸಿ ನೋಡಿದ್ದಾರೆ.

ಇನ್ನೊಂದು ಉಪಾಯ ಸರಳವಾಗಿ ಕಾಣುತ್ತದೆ. ಕಣಗಳನ್ನು ತಿರುಳಿಗೆ ಹಾಕುವ ಮುಂಚೆಯೇ ಪುಟ್ಟ ಉಂಡೆಗಳಾಗಿ ಕಟ್ಟಿಬಿಡುವುದು. ನಮ್ಮ ಎ4 ಲೆಕ್ಕಕ್ಕೇ ಹಿಂತಿರುಗಿದರೆ, 1 ಮೈಕ್ರಾನಿನ ಕಣಗಳು ಸೇರಿ 10 ಮೈಕ್ರಾನಿನ ಗಟ್ಟಿ ಉಂಡೆಗಳಾದರೆ ಹೊರಮೈ 2.2 ಚದರ ಮೀಟರಿನಿಂದ 0.22ಕ್ಕೆ ಇಳಿಯುತ್ತದೆ. ಅಷ್ಟರಮಟ್ಟಿಗೆ ನಾರುಗಳು ಒಂದನ್ನೊಂದು ಮುಟ್ಟಲು ಜಾಗ ಸಿಗುತ್ತದೆ. ಆದರೆ ಬೆಳಕನ್ನು ಚದುರಿಸುತ್ತಿದ್ದುದು ಅದೇ ಹೊರಮೈ ತಾನೇ? ಉಂಡೆ ದಪ್ಪವಾದಷ್ಟೂ ಹಾಳೆಯ ಆಚೆಬದಿ ಕಾಣತೊಡಗುತ್ತದೆ. ಉಂಡೆ ಸಡಿಲವಾಗಿ, ಒಳಗೆ ಗಾಳಿ ಉಳಿಯುವಂತೆ ಇರಬೇಕು, ಯಂತ್ರದ ಪಂಪುಗಳ ರಭಸಕ್ಕೆ ಒಡೆಯಲೂ ಬಾರದು. ಕೋಸಂಬರಿಗೆ ನೆನೆಸಿದ ಬೇಳೆಯ ಹದದಷ್ಟೇ ಸೂಕ್ಷ್ಮವಾದ ಹದ ಇದು.

ನನಗೆ ಎಲ್ಲಕ್ಕಿಂತ ಸುಂದರವಾಗಿ ಕಾಣುವುದು ಕಲ್ಲನ್ನು ಹೊರಗಿನಿಂದ ತಂದು ಹಾಕದೆ ನಾರಿನ ಮೇಲೆಯೇ ಹುಟ್ಟಿಸುವ ವಿಧಾನ. ಗೋಡೆಗೆ ಬಳಿದ ಸುಣ್ಣ ದಿನ ಕಳೆದಂತೆ ಗಟ್ಟಿಯಾಗುವುದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುವುದರಿಂದ. ಇದೇ ರಸಾಯನಕ್ರಿಯೆಯನ್ನು ತಿರುಳಿನೊಳಗೆ ನಡೆಸಬಹುದು. ಒದ್ದೆ ತಿರುಳಿಗೆ ನೀರುಸುಣ್ಣ ಬೆರೆಸಿ, ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ನಾರಿನ ಮೇಲೆ, ಗೋಡೆಯ ರಂಧ್ರಗಳಲ್ಲಿ, ಒಳಗಿನ ಟೊಳ್ಳಿನಲ್ಲಿ ಬೆಳೆಯುತ್ತವೆ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿರುವ ಅಮೆರಿಕದ ಅರಣ್ಯ ಉತ್ಪನ್ನ ಪ್ರಯೋಗಾಲಯ 1990ರ ದಶಕದಲ್ಲಿ ಇದನ್ನು ಬೆಳೆಸಿತು. ಫಿನ್ಲೆಂಡ್‌ನಲ್ಲಿ ನಾರಿನಿಂದ ಸುಲಿದ ಸೂಕ್ಷ್ಮ ಎಳೆಗಳ ಮೇಲೆ ಹರಳು ಬೆಳೆಸಿದರು. ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಅವು ದಾರಕ್ಕೆ ಪೋಣಿಸಿದ ಮಣಿಗಳಂತೆ ಕಾಣುತ್ತವೆ. ಮಣಿಯ ನಡುವಿನ ದಾರ ಸೆಲ್ಯುಲೋಸ್ ಆದ್ದರಿಂದ, ಆ ಸರ ನಾರುಗಳ ನಡುವೆ ಬಿದ್ದರೂ ದಾರ ತನ್ನ ಬಂಧ ತಾನು ಕಟ್ಟಿಕೊಳ್ಳುತ್ತದೆ.

ನಾರಿನ ಟೊಳ್ಳಿನಲ್ಲಿ ಕಣವನ್ನು ಬಚ್ಚಿಡುವ ಪ್ರಯತ್ನ ಇನ್ನೂ ಹಳೆಯದು. 1980ರ ದಶಕದಲ್ಲಿ ಕೆನಡಾದ ತಿರುಳು ಮತ್ತು ಕಾಗದ ಸಂಶೋಧನಾ ಸಂಸ್ಥೆಯವರು ಟೈಟಾನಿಯಂ ಡೈಆಕ್ಸೈಡಿನ ಅತಿ ಸಣ್ಣ ಕಣಗಳನ್ನು ನಾರಿನ ಗೋಡೆಯ ಕಿಂಡಿಗಳ ಮೂಲಕ ಒಳಗೆ ನುಗ್ಗಿಸಿ, ಹೊರಗೆ ಉಳಿದವನ್ನು ತೊಳೆದು ತೆಗೆದರು. ಹೊರಮೈ ಖಾಲಿ, ಹಾಗಾಗಿ ನಾರು-ನಾರಿನ ಬಂಧಕ್ಕೆ ಅಡ್ಡಿಯೇ ಇಲ್ಲ. ಆದರೆ ಅಷ್ಟು ಕಲಕುವ, ಅಷ್ಟು ತೊಳೆಯುವ ಖರ್ಚನ್ನು ಅಗ್ಗದ ಕಾಗದ ತಾಳಲಾರದು.

ಈಗ ಹೆಚ್ಚು ಭರವಸೆ ಹುಟ್ಟಿಸಿರುವುದು ಸೆಲ್ಯುಲೋಸಿನ ಸೂಕ್ಷ್ಮ ಎಳೆ. ನಾರನ್ನು ಸೀಳಿ, ಮತ್ತೆ ಸೀಳಿ, ಹತ್ತಾರು ನ್ಯಾನೋಮೀಟರ್ ದಪ್ಪದ ಎಳೆಗಳನ್ನಾಗಿ ಮಾಡಿದರೆ ನೀರಿನಲ್ಲಿ ಅದು ಲೋಳೆಯಂತೆ ನಿಲ್ಲುತ್ತದೆ. ಅಮೆರಿಕದ ಐಟಿಟಿ ರೇಯೋನಿಯರ್ ಕಂಪನಿಯ ಸಂಶೋಧಕರು 1983ರಲ್ಲಿ ಇದನ್ನು ಪ್ರಕಟಿಸಿದರು. ಈ ಲೋಳೆ ಒಣಗುವಾಗ ಕಲ್ಲಿನ ಕಣಗಳ ಸುತ್ತ ಜೇಡರ ಬಲೆಯಂತೆ ಹೆಣೆದುಕೊಂಡು, ಕಣ ಅಡ್ಡ ನಿಂತ ಅಂತರವನ್ನು ಎಳೆಗಳಿಂದ ದಾಟುತ್ತದೆ. ನಾರುಗಳು ನೇರವಾಗಿ ಮುಟ್ಟಲಾಗದಿದ್ದರೂ ಎಳೆ ಎರಡರ ಕೈಯನ್ನೂ ಹಿಡಿಯುತ್ತದೆ. ತೊಡಕು ಎಂದರೆ ಸೀಳಲು ಬೇಕಾಗುವ ವಿದ್ಯುತ್ತು. ಇಂಗ್ಲೆಂಡಿನ ಕಾರ್ನ್‌ವಾಲ್, ಬಿಳಿ ಜೇಡಿಮಣ್ಣಿನ ಗಣಿಗಳ ನಾಡು. ಅಲ್ಲಿಂದ ಹೊರಟ ಉಪಾಯ ಜಾಣತನದ್ದು: ನಾರನ್ನೂ ಖನಿಜದ ಪುಡಿಯನ್ನೂ ಒಟ್ಟಿಗೇ ಅರೆಯುವುದು. ಗಡಸು ಕಣಗಳೇ ನಾರನ್ನು ಉಜ್ಜಿ ಸೀಳಲು ನೆರವಾಗುತ್ತವೆ, ಅರೆದು ಮುಗಿಯುವ ಹೊತ್ತಿಗೆ ಎಳೆ ಮತ್ತು ಕಣ ಬೆರೆತೇ ಇರುತ್ತವೆ. ಆದರೆ ಲೋಳೆ ನೀರನ್ನು ಸುಲಭವಾಗಿ ಬಿಡುವುದಿಲ್ಲ. ಹೆಚ್ಚು ಹಾಕಿದರೆ ಜಾಲರಿಯ ಮೇಲೆ ನೀರು ಬಸಿಯುವುದು ನಿಧಾನವಾಗಿ ಯಂತ್ರದ ವೇಗ ಇಳಿಯುತ್ತದೆ. ಹೀಗಾಗಿ ಟನ್‌ಗೆ ಕೆಲವೇ ಕಿಲೋಗಳಿಂದ ಕೆಲವು ಹತ್ತು ಕಿಲೋಗಳವರೆಗಿನ ಲೆಕ್ಕದಲ್ಲಿ ಅದನ್ನು ಬಳಸುತ್ತಾರೆ.

ಯಾವ ಕಲ್ಲು ಎಂಬುದೂ ಮುಖ್ಯ, ಅದಕ್ಕೊಂದು ಇತಿಹಾಸವಿದೆ. ಜರ್ಮನಿಯ ಮೋರಿಟ್ಸ್ ಫ್ರೀಡ್ರಿಖ್ ಇಲ್ಲಿಗ್ 1807ರಲ್ಲಿ ಪ್ರಕಟಿಸಿದ ವಿಧಾನದಂತೆ, ಶಾಯಿ ಹರಡದಿರಲು ರಾಳ ಮತ್ತು ಪಟಿಕದ ಮಿಶ್ರಣ ಬಳಸುತ್ತಿದ್ದರು. ಪಟಿಕದಿಂದ ತಿರುಳು ಹುಳಿಯಾಗುತ್ತದೆ. ಹುಳಿಯಲ್ಲಿ ಸುಣ್ಣದ ಕಲ್ಲು ನಿಲ್ಲದು, ನಮ್ಮ ನಿಂಬೆರಸದ ತಟ್ಟೆಯಲ್ಲಿ ಆದಂತೆ ನೊರೆಯಾಗಿ ಹೋಗುತ್ತದೆ. ಹೀಗಾಗಿ ಹುಳಿಗೆ ಬಗ್ಗದ ಜೇಡಿಮಣ್ಣು, ಭಾರತದ ಕಾರ್ಖಾನೆಗಳಲ್ಲಿ ಬಳಪದ ಕಲ್ಲಿನ ಪುಡಿ ಬಹುಕಾಲ ನಡೆದವು. ಹುಳಿ ಬೇಡದ ಹೊಸ ರಾಸಾಯನಿಕಗಳು ಬಂದು, 1980ರ ದಶಕದಿಂದ ಕಾರ್ಖಾನೆಗಳು ಒಂದೊಂದಾಗಿ ಬದಲಾದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಮುನ್ನೆಲೆಗೆ ಬಂತು. ಅಜ್ಜನ ಕಾಲದ ಪುಸ್ತಕದ ಪುಟ ಹಳದಿಯಾಗಿ ಮುರಿದುಬೀಳಲು ಒಂದು ಮುಖ್ಯ ಕಾರಣ ಆ ಹುಳಿಯೇ. ಬಾಳಿಕೆ ಬರುವ ಕಾಗದಕ್ಕಾಗಿ ಇರುವ ಅಂತಾರಾಷ್ಟ್ರೀಯ ಮಾನದಂಡ ಐಎಸ್ಒ 9706, ಹುಳಿಯನ್ನು ತಡೆಯಲು ಕನಿಷ್ಠ ಶೇ 2ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಕಾಗದದಲ್ಲಿ ಇರಲೇಬೇಕು ಎನ್ನುತ್ತದೆ. ಅಂದರೆ ಇವತ್ತಿನ ಬಲವನ್ನು ಕುಂದಿಸುವ ಅದೇ ಪುಡಿ ನೂರು ವರ್ಷದ ಬಲವನ್ನು ಕಾಯುತ್ತದೆ. ಇದನ್ನು ತಿಳಿದ ಮೇಲೆ ಫಿಲ್ಲರ್ ಬಗ್ಗೆ ನನಗಿದ್ದ ಅಸಡ್ಡೆ ಪೂರ್ತಿ ಹೋಯಿತು.

ನಮ್ಮ ಕಾರ್ಖಾನೆಗಳಿಗೆ ಈ ಬಂಧದ ಪ್ರಶ್ನೆ ಇನ್ನಷ್ಟು ಬಿಗಿಯಾಗಿದೆ. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಆರಂಭವಾದ ಕಾಗದದ ಕಾರ್ಖಾನೆ ಉತ್ತರ ಕನ್ನಡದ ಬಿದಿರನ್ನು ನಂಬಿತ್ತು. ಬಿದಿರಿನ ನಾರು 2 ಮಿಲಿಮೀಟರಿಗೂ ಉದ್ದ. ಬಿದಿರು ಕಡಿಮೆಯಾಗಿ ನೀಲಗಿರಿ, ಸುಬಾಬುಲ್‌ನಂಥ ಮರಗಳು ಬಂದವು. ನೀಲಗಿರಿಯ ನಾರು 1 ಮಿಲಿಮೀಟರಿಗಿಂತ ಗಿಡ್ಡ. ನಾರು ಗಿಡ್ಡವಾದಷ್ಟೂ ಅದು ಹಿಡಿದುಕೊಳ್ಳಬಲ್ಲ ನೆರೆಯ ನಾರುಗಳು ಕಡಿಮೆ. ಇರುವ ಕೆಲವೇ ಹಿಡಿತಗಳ ನಡುವೆ ಕಲ್ಲು ಬಂದು ಕೂತರೆ ಏಟು ಹೆಚ್ಚು. ರದ್ದಿ ಕಾಗದದ ನಾರಿನದು ಬೇರೆ ಕಷ್ಟ. ಒಮ್ಮೆ ಒಣಗಿದ ನಾರು ಮತ್ತೆ ನೆನೆದರೂ ಮೊದಲಿನಷ್ಟು ಉಬ್ಬದು, ಬಾಗದು. ಒಣಗಿಟ್ಟ ರೊಟ್ಟಿಗೆ ನೀರು ಚಿಮುಕಿಸಿದರೆ ಬಿಸಿರೊಟ್ಟಿಯ ಮೆದುತನ ಬಾರದಂತೆ. ದೇಶದ ಕಾಗದದಲ್ಲಿ ದೊಡ್ಡ ಪಾಲು ರದ್ದಿಯಿಂದಲೇ ಬರುವಾಗ, ಹೊರದೇಶದ ಉದ್ದ ನಾರಿನ ಮೇಲೆ ಪರೀಕ್ಷಿಸಿದ ವಿಧಾನವನ್ನು ಹಾಗೆಯೇ ತಂದು ಹಾಕಿದರೆ ಅದೇ ಫಲ ಸಿಗುತ್ತದೆ ಎನ್ನಲಾಗದು.

ರದ್ದಿಯ ಮಾತು ಬಂದದ್ದರಿಂದ ಇನ್ನೊಂದು ಷರತ್ತನ್ನೂ ಹೇಳಬೇಕು. ಎಂದಿಗೂ ಬಿಡದ ಅಂಟು ಹಾಕಿ ಕಲ್ಲನ್ನೂ ನಾರನ್ನೂ ಕಟ್ಟಿಹಾಕುವುದು ಕಷ್ಟವಲ್ಲ. ಆದರೆ ಆ ಹಾಳೆ ನಾಳೆ ರದ್ದಿಯಾಗಿ ಕಾರ್ಖಾನೆಯ ನೀರಿನ ತೊಟ್ಟಿಗೆ ಬಿದ್ದಾಗ ಕರಗದೆ ಗಂಟು ಗಂಟಾಗಿ ಉಳಿಯುತ್ತದೆ. ಆದ್ದರಿಂದ ಬೇಕಾಗಿರುವುದು ಒಣಗಿದಾಗ ಬಿಗಿಯಾಗಿ ಹಿಡಿದು, ಪೂರ್ತಿ ನೆನೆಸಿ ಕಲಕಿದಾಗ ಬಿಟ್ಟುಕೊಡುವ ಬಂಧ. ಪಿಷ್ಟ ಮತ್ತು ಸೆಲ್ಯುಲೋಸಿನ ಎಳೆಗಳು ಕಟ್ಟುವ ಹೈಡ್ರೋಜನ್ ಬಂಧಕ್ಕೆ ಈ ಗುಣ ಹುಟ್ಟಿನಿಂದಲೇ ಇದೆ. ನಾಲಿಗೆಯ ತುದಿ ತಾಕಿದ ಮಡಿಕೆಯಲ್ಲಿ ಹಾಳೆ ಬಿಟ್ಟುಕೊಂಡದ್ದು ಅದರಿಂದಲೇ.